ಪ್ರತಿಕ್ರಿಯೆ: ಆಸ್ಟ್ರೇಲಿಯಾ ಮೂಲನಿವಾಸಿಗಳ ಬಗ್ಗೆ ಮಗಳ ಪ್ರಬಂಧ

ನಿಮ್ಮ ಮಗಳು ಬರೆದ ಪ್ರಬಂಧವನ್ನು 'ಬರೀ ಘಟನೆಗಳ ಪಟ್ಟಿ' ಎಂದು ಟೀಚರ್ ವಾಪಸ್ ಕೊಟ್ಟಿದ್ದಕ್ಕೆ ಬಹುಶಃ ಕಾರಣ ಇಷ್ಟೇ: ಮೂಲನಿವಾಸಿಗಳಿಗೆ ಏನಾಯಿತು ಎಂದು ಬರೆದಿದ್ದಾಳೆ, ಅದರಿಂದ ಆ ದೇಶ ತನ್ನನ್ನು ನೋಡಿಕೊಳ್ಳುವ ರೀತಿ ಹೇಗೆ ಬದಲಾಯಿತು ಅನ್ನೋದು ಬಿಟ್ಟುಹೋಗಿದೆ.

ಮೊದಲು ಜನವರಿ 26 ಒಂದನ್ನೇ ಹಿಡಿದುಕೊಳ್ಳಲಿ. 1788ರ ಆ ದಿನ ಸಿಡ್ನಿ ಕೋವ್ ಎಂಬ ಕೊಲ್ಲಿಯಲ್ಲಿ ಬ್ರಿಟಿಷ್ ಬಾವುಟ ಏರಿ, ಅವರ ವಸಾಹತು ಶುರುವಾಯಿತು. 1938ರಲ್ಲಿ ಅದರ 150ನೇ ವರ್ಷದ ಸಂಭ್ರಮ ನಡೆಯುತ್ತಿದ್ದಾಗಲೇ ಮೂಲನಿವಾಸಿ ನಾಯಕರು ಸಿಡ್ನಿಯಲ್ಲೇ ಸೇರಿ ಅದನ್ನು ಶೋಕದ ದಿನವಾಗಿ ಆಚರಿಸಿದರು. ಪ್ರಬಂಧದ ಜೀವ ಇಲ್ಲಿದೆ, ಇದಕ್ಕೇ ಜಾಸ್ತಿ ಜಾಗ ಕೊಡಲಿ.

ಆಮೇಲೆ ನೆಲ. ಯಾರಿಗೂ ಸೇರದ ಭೂಮಿ ಎಂಬ ಬ್ರಿಟಿಷರ ವಾದದ ಮೇಲೆ ಇಡೀ ಖಂಡವೇ ಮೂಲನಿವಾಸಿಗಳ ಕೈತಪ್ಪಿತು. ಹೈಕೋರ್ಟ್ (ಅಲ್ಲಿ ಅದೇ ಸರ್ವೋಚ್ಚ ನ್ಯಾಯಾಲಯ) ಅದನ್ನು ತಳ್ಳಿಹಾಕಿದ್ದು 1992ರಲ್ಲಿ, ತಮ್ಮ ನೆಲದ ಹಕ್ಕಿಗಾಗಿ ಎಡ್ಡಿ ಮಾಬೋ ಮತ್ತಿತರರು ಹೂಡಿದ ದಾವೆಯ ತೀರ್ಪಿನಲ್ಲಿ (ಮಾಬೋ ತೀರ್ಪು). ಇನ್ನೂರು ವರ್ಷ ಬೇಕಾಯಿತು, ನೋಡಿ!

ಕೊನೆಗೆ, ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಕಿತ್ತುಕೊಂಡಿದ್ದಕ್ಕೆ 2008ರಲ್ಲಿ ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಕೇಳಿದ ಕ್ಷಮೆ, ಮತ್ತು 2023ರಲ್ಲಿ ಸೋತ 'ವಾಯ್ಸ್' ಜನಮತಗಣನೆ (ಸಂಸತ್ತಿಗೆ ಸಲಹೆ ಕೊಡುವ ಮೂಲನಿವಾಸಿಗಳ ಮಂಡಳಿಯನ್ನು ಸಂವಿಧಾನದಲ್ಲಿ ಸೇರಿಸಬೇಕೇ ಎಂದು ಜನರನ್ನು ಕೇಳಿದ ಮತದಾನ). ಎರಡನ್ನೂ ಪಕ್ಕಪಕ್ಕ ಇಟ್ಟು, ಕ್ಷಮೆ ಕೇಳಿದ ದೇಶ ಸಂವಿಧಾನದಲ್ಲಿ ಅವರ ದನಿಗೆ ಜಾಗ ಕೊಡಲು ಯಾಕೆ ಒಪ್ಪಲಿಲ್ಲ ಎಂದು ಅವಳೇ ಯೋಚಿಸಿ ಬರೆಯಲಿ. ಬೇಡ ಎಂದವರೆಲ್ಲರ ಕಾರಣ ಒಂದೇ ಎಂದು ಮಾತ್ರ ಬರೆಯುವುದು ಬೇಡ, ಮೂಲನಿವಾಸಿಗಳಲ್ಲೂ ಕೆಲವರು ಅದನ್ನು ವಿರೋಧಿಸಿದ್ದರು.