‘ತೋರ್ಸ್‌ಬುಟ್ರೆ ನಂಗೇನ್ ಉಳೀತದೆ?’: ಒಂದು ಆಪ್ತಸಲಹೆ ಪ್ರಕರಣ

ಮೈಸೂರಿನ ಸುತ್ತಲಿನ ಹೆಬ್ಬಾಳು, ಹೂಟಗಳ್ಳಿ, ಮೇಟಗಳ್ಳಿ, ನಂಜನಗೂಡು ಕಡೆಯ ಕಾರ್ಖಾನೆಗಳಿಂದ ಆಪ್ತಸಲಹೆಗೆ ಬರುವವರು ಮೊದಲು ಹೇಳುವುದು ಮೂರೇ ಮಾತು: ನಿದ್ದೆ ಬರಲ್ಲ, ಸಿಟ್ಟು ತಡೆಯೋಕಾಗಲ್ಲ, ಮನೇಲಿ ಮಾತು ಬೇಡ ಅನ್ಸುತ್ತೆ. ಕೆದಕಿದರೆ ಕೆಳಗೆ ಸಾಲವೋ ಕುಡಿತವೋ ಮಗಳ ಮದುವೆಯೋ ಇರುತ್ತದೆ. ಈಚೆಗೆ ಅದರ ಸಾಲಿಗೆ ಇನ್ನೊಂದು ಸೇರಿದೆ, ಯೂನಿಯನ್ ಒಳಜಗಳ. ಐಟಿಐ, ಅಪ್ರೆಂಟಿಸ್ ಮುಗಿಸಿ ಬಂದ ಹಳಬರು ಒಂದು ಕಡೆ. ಲೈನ್ ಕೆಲಸಕ್ಕೆ ಸೇರಿ ಈಗಷ್ಟೇ ಚಂದಾ ಕಟ್ಟಿ ಸದಸ್ಯರಾದವರು ಇನ್ನೊಂದು ಕಡೆ. ಮ್ಯಾನೇಜ್‌ಮೆಂಟ್ ಮೇಲಿನ ಸಿಟ್ಟನ್ನು ಮನೆಗೆ ಒಯ್ಯದೆ ಗೇಟಿನಲ್ಲೇ ಬಿಟ್ಟು ಬರುವ ಗಂಡಸರು ಕೂಡ ಈ ಸಿಟ್ಟನ್ನು ಹಾಸಿಗೆವರೆಗೂ ಹೊತ್ತು ತರುತ್ತಾರೆ.

ಇಲ್ಲಿರುವುದು ಹಳಬರೊಬ್ಬರ ಪ್ರಕರಣ. ಅವರ ಒಪ್ಪಿಗೆ ಇದೆ. ಗುರುತು ಸಿಗದ ಹಾಗೆ ವಯಸ್ಸು, ಊರು, ಲೆಕ್ಕಗಳನ್ನು ಬದಲಿಸಿದ್ದೇನೆ. ಫಿಟ್ಟರಣ್ಣ ಎಂದು ಕರೆಯೋಣ.

ಐವತ್ತು ದಾಟಿದವರು, ಮಂಡ್ಯ ಕಡೆಯ ಹಳ್ಳಿ. ಎರಡು ವರ್ಷ ಐಟಿಐ ಫಿಟ್ಟರ್, ಒಂದು ವರ್ಷ ಅಪ್ರೆಂಟಿಸ್, ಆಮೇಲೆ ಟೂಲ್ ರೂಮ್, ಅಂದರೆ ಕಾರ್ಖಾನೆಯ ಉಪಕರಣಗಳನ್ನು ಮಾಡುವ, ಸರಿಪಡಿಸುವ ವಿಭಾಗ. ಯೂನಿಯನ್‌ನಲ್ಲಿ ಜಂಟಿ ಕಾರ್ಯದರ್ಶಿ. ಸಂಘದಲ್ಲಿ ಮೊದಲು ಇದ್ದವರು 180 ಜನ. ಒಂದೂವರೆ ವರ್ಷದಲ್ಲಿ ಅಸೆಂಬ್ಲಿ ಲೈನಿನ 240 ಜನ ಸೇರಿಕೊಂಡರು, ಅವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಚುನಾವಣೆ ಹತ್ತಿರ ಬಂದಾಗ ಫಿಟ್ಟರಣ್ಣ ಬೈಲಾಗೆ, ಅಂದರೆ ಸಂಘದ ನಿಯಮಾವಳಿಗೆ, ಒಂದು ತಿದ್ದುಪಡಿ ಬರೆದರು: ಪದಾಧಿಕಾರಿ ಆಗಬೇಕಾದರೆ ಟ್ರೇಡ್ ಸರ್ಟಿಫಿಕೇಟ್ ಇರಬೇಕು, ಸದಸ್ಯನಾಗಿ 5 ವರ್ಷ ಆಗಿರಬೇಕು. ಹೊಸಬರ ವಾಟ್ಸ್ಯಾಪ್ ಗ್ರೂಪಿನಲ್ಲಿ ಯಾರೋ ‘ಅಂಕಲ್‌ಗಳ ಸಂಘ’ ಅಂತ ಹಾಕಿದರು. ಅದರ ಸ್ಕ್ರೀನ್‌ಶಾಟ್ ಇವರ ಕೈಗೆ ಬಂತು. ಅಲ್ಲಿಂದ ನಿದ್ದೆ ಹೋಯಿತು.

ಮೊದಲ ಎರಡು ಭೇಟಿ ವ್ಯರ್ಥವಾದವು, ತಪ್ಪು ನನ್ನದೇ. ಉಸಿರಾಟದ ಅಭ್ಯಾಸ, ನಿದ್ದೆಯ ಡೈರಿ, ಒಂಬತ್ತರ ಮೇಲೆ ಮೊಬೈಲ್ ಬೇಡ ಎಂಬ ಮಾಮೂಲಿ ಮಾತೇ ಆಯಿತು. ಬಿಪಿ ಹೆಚ್ಚಿತ್ತು, ಡಾಕ್ಟರ ಹತ್ತಿರ ಕಳಿಸಿದೆ. ಆದ ಒಳ್ಳೆಯ ಕೆಲಸ ಅದೊಂದೇ. ಮಿಕ್ಕ ಹೊತ್ತೆಲ್ಲ ಅವರು ಒಂದೇ ಮಾತು ಹೇಳುತ್ತಿದ್ದರು: “ಮೂರ್ ವರ್ಸ ಫೈಲ್ ಉಜ್ಜಿವ್ನಿ ಮೇಡಂ ನಾನು. ಇವ್ರು ಏಳ್ ದಿನ ಟ್ರೈನಿಂಗ್ ತಕಂಡು ಬಂದವ್ರೆ. ನನ್ ಓಟೂ ಒಂದು, ಅವ್ರ ಓಟೂ ಒಂದಾ?”

ಮೂರನೇ ಭೇಟಿಯಲ್ಲಿ ಬೈಲಾ ವಿಷಯ ಎತ್ತಲೇ ಇಲ್ಲ. ಹಿಂದಿನ ವಾರ ಕಾರ್ಖಾನೆಯಲ್ಲಿ ಏನಾಯಿತು ಅಂತಷ್ಟೇ ಕೇಳಿದೆ. ಲೈನಿನ ಹುಡುಗಿಯೊಬ್ಬಳು ಮೊಂಡಾದ 10 ಎಂಎಂ ಡ್ರಿಲ್ ಬಿಟ್ ಹಿಡಿದು ಟೂಲ್ ರೂಮಿಗೆ ಬಂದಿದ್ದಳಂತೆ. ಸ್ಟೋರಿನಲ್ಲಿ ಹೊಸ ಬಿಟ್ ಇರಲಿಲ್ಲ. “ಅಣ್ಣಾ, ಸಾಣೆ ಹಿಡಿಯೋದು ಒಂದ್ಸಲ ತೋರಿಸಿಕೊಡಿ, ಪ್ರತಿ ಸಲ ನಿಮಗ್ಯಾಕೆ ತೊಂದ್ರೆ” ಅಂದಳು. ಇವರು ಮಾತಾಡದೆ ಬಿಟ್ ಈಸಿಕೊಂಡು, ತಾವೇ ಸಾಣೆ ಹಿಡಿದು ಕೈಗೆ ಕೊಟ್ಟು ಕಳಿಸಿದರು.

ಅದರಲ್ಲಿ ಅಂಥ ಕಷ್ಟ ಏನಿದೆ ಅಂತ ಕೇಳಿದೆ. ಧ್ವನಿಯೇ ಬೇರೆಯಾಯಿತು. ಗ್ರೈಂಡರ್ ಚಕ್ರಕ್ಕೂ ಬಿಟ್ ಊರುವ ಟೂಲ್ ರೆಸ್ಟಿಗೂ ನಡುವೆ 3 ಎಂಎಂ ಮೀರಿ ಸಂದು ಇರಕೂಡದು, ಇದ್ದರೆ ಬಿಟ್ ಒಳಕ್ಕೆ ಸಿಕ್ಕಿಕೊಂಡು ಚಕ್ರವೇ ಒಡೆಯಬಹುದು. ಕನ್ನಡಕ ಬೇಕೇ ಬೇಕು. ಗ್ಲೌಸ್ ಹಾಕಲೇಕೂಡದು, ಚಕ್ರ ಅದನ್ನು ಎಳೆದುಕೊಂಡರೆ ಬೆರಳೂ ಜೊತೆಗೆ ಹೋಗುತ್ತೆ. ಬಿಟ್ಟಿನ ತುದಿಯ ಕೋನ ಒಟ್ಟು 118 ಡಿಗ್ರಿ, ಅದಕ್ಕೇ ಚಕ್ರದ ಮುಖಕ್ಕೆ 59ರಲ್ಲಿ ಹಿಡಿಯಬೇಕು, ಕೊಯ್ಯುವ ಅಂಚು ನೆಲಕ್ಕೆ ಮಟ್ಟಸವಾಗಿ. ತಾಕಿಸಿದ ಮೇಲೆ ಬಿಟ್ಟಿನ ಹಿಂಬದಿಯನ್ನು ನಿಧಾನವಾಗಿ ಕೆಳಗಿಳಿಸಬೇಕು, ಅಂಚಿನ ಹಿಂದೆ 8ರಿಂದ 12 ಡಿಗ್ರಿ ಇಳಿಜಾರು ಬರಬೇಕು. ಇಳಿಜಾರು ಸಾಲದಿದ್ದರೆ ಬಿಟ್ ಕೊಯ್ಯದೆ ಉಜ್ಜುತ್ತದೆ, ಕಾದು ನೀಲಿಯಾಗುತ್ತದೆ. ಹೆಚ್ಚಾದರೆ ಅಂಚು ಮುಕ್ಕಾಗುತ್ತದೆ. ಎರಡು ಲಿಪ್, ಅಂದರೆ ಕೊಯ್ಯುವ ಅಂಚುಗಳ ಉದ್ದ ಸಮ ಇಲ್ಲದಿದ್ದರಂತೂ 10ರ ಬಿಟ್ 10.3ರ ತೂತು ಕೊರೆದು ಇಡೀ ಲಾಟ್ ಸ್ಕ್ರ್ಯಾಪ್.

ಇಷ್ಟು ಹೇಳಿ ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡು, ಮೇಜಿನ ಅಂಚನ್ನೇ ಚಕ್ರ ಮಾಡಿಕೊಂಡು ತೋರಿಸತೊಡಗಿದರು. ನನಗೆ ಕಂಡದ್ದು ಅವರ ಬಲಭುಜ, ಅಂಗಿಯ ಬೆನ್ನು.

“ನನಗೆ ಕಾಣಿಸ್ತಿಲ್ಲ, ಈ ಕಡೆ ತಿರುಗಿ” ಅಂದೆ.

ಅವರ ಕೈ ಅಲ್ಲೇ ನಿಂತಿತು. ಪೆನ್ನು ಕೆಳಗಿಟ್ಟು ಒಂದು ಸಲ ನಕ್ಕರು. “ನಮ್ ಮೇಸ್ತ್ರಿ ಹಿಂಗೇ ನಿಂತ್ಕತಿದ್ದ. ಎಂಟ್ ತಿಂಗ್ಳು ಅವನ ಭುಜನೇ ನೋಡಿವ್ನಿ. ಊಟಕ್ಕೆ ಹೋದಾಗ ಸ್ಕ್ರ್ಯಾಪ್ ಬಿಟ್ ಕದ್ದು ಕದ್ದು ಹಿಡ್ದು ಕಲ್ತದ್ದು.” ಆಮೇಲೆ ಬಹಳ ಹೊತ್ತು ಸುಮ್ಮನಿದ್ದು, ಇಡೀ ಪ್ರಕರಣದ ಮಾತು ಹೇಳಿದರು: “ತೋರ್ಸ್‌ಬುಟ್ರೆ ನಂಗೇನ್ ಉಳೀತದೆ ಮೇಡಂ?”

ಇಂಥ ಕಡೆ ಆಪ್ತಸಲಹೆಗಾರರು ಅವಸರಪಡುತ್ತಾರೆ. ‘ನಿಮಗಾದದ್ದು ಅವಳಿಗೂ ಆಗಬೇಕೇ?’ ಎಂದು ಕೇಳುವ ಆಸೆ ನನಗೂ ಬಂತು. ಕೇಳಲಿಲ್ಲ. ಆ ಪ್ರಶ್ನೆಗೆ ಅವರು ತಲೆತಗ್ಗಿಸುತ್ತಿದ್ದರು, ಅಷ್ಟೇ. ಅವರ ಪ್ರಶ್ನೆ ಹಾಗೇ ಉಳಿಯುತ್ತಿತ್ತು, ಆ ಪ್ರಶ್ನೆಯಲ್ಲಿ ನ್ಯಾಯವಿದೆ. ಕಾರ್ಖಾನೆ ಅವರಿಗೆ ಕೊಡುವ ಬೆಲೆಯೆಲ್ಲ ‘ಇದು ಇವನಿಗೊಬ್ಬನಿಗೇ ಗೊತ್ತು’ ಎಂಬುದರ ಮೇಲೆ ನಿಂತಿದೆ. ಕಲಿಸಿದರೆ ಕೈಗೆ ಏನೂ ಬರುವುದಿಲ್ಲ, ಇದ್ದದ್ದೂ ಹೋಗಬಹುದು. ಹೀಗಿರುವಾಗ ಭುಜ ಅಡ್ಡ ಬರುವುದು ಸ್ವಭಾವದೋಷ ಎಂದು ನಾನು ಒಪ್ಪುವುದಿಲ್ಲ.

ಅಪ್ರೆಂಟಿಸ್ ಆಗಿದ್ದಾಗ ಅವರು ನಿಂತದ್ದೂ ಅತಂತ್ರ ಜಾಗದಲ್ಲೇ. 1961ರ ಅಪ್ರೆಂಟಿಸ್ ಕಾಯಿದೆಯ ಪ್ರಕಾರ ಅಪ್ರೆಂಟಿಸ್ ಎಂದರೆ ತರಬೇತಿ ಪಡೆಯುವವನು, ಕಾರ್ಮಿಕನಲ್ಲ. ತರಬೇತಿ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂಬ ಬಾಧ್ಯತೆ ಕಂಪನಿಗೆ ಇಲ್ಲ, ಒಪ್ಪಂದದಲ್ಲಿ ಬರೆದಿದ್ದರೆ ಮಾತ್ರ ಉಂಟು. ಆ ಒಂದು ವರ್ಷ ಫಿಟ್ಟರಣ್ಣನನ್ನು ಯೂನಿಯನ್ನಿನ ಯಾರೂ ಸಭೆಗೆ ಕರೆದಿರಲಿಲ್ಲ. “ಚಾ ತರೋಕೆ ಮಾತ್ರ ಕರೀತಿದ್ರು” ಅಂದರು. ಅವರು ದಾಟಿ ಬಂದ ಬಾಗಿಲನ್ನೇ ಈಗ ಬೈಲಾದಲ್ಲಿ ಬರೆಯಲು ಹೊರಟಿದ್ದರು.

ಈ ಜಗಳ ಹಳೆಯದು ಎಂದು ಹೇಳಿದೆ. 1851ರಲ್ಲಿ ಇಂಗ್ಲೆಂಡಿನಲ್ಲಿ ಕಟ್ಟಿದ ಎಂಜಿನಿಯರಿಂಗ್ ಕುಶಲಕರ್ಮಿಗಳ ಸಂಘ ಅಪ್ರೆಂಟಿಸ್ ಮುಗಿಸಿದವರದ್ದೇ ಆಗಿತ್ತು. ಅದೇ ಸಂಘ ಬೆಳೆದು, ಹೆಸರು ಬದಲಿಸಿ, ಹೆಂಗಸರಿಗೆ ಸದಸ್ಯತ್ವ ಕೊಟ್ಟದ್ದು 1943ರಲ್ಲಿ, ಯುದ್ಧದ ಕಾರ್ಖಾನೆಗಳು ಹೆಂಗಸರಿಂದ ತುಂಬಿದ ಮೇಲೆ. ಫಿಟ್ಟರಣ್ಣ ಬೆರಳು ಮಡಿಸಿ ಎಣಿಸಿದರು. “ಅವ್ರು 92 ವರ್ಸ ತಕಂಡವ್ರೆ, ನಾನ್ ಕೇಳಿರೋದು ಐದೇ ವರ್ಸ!” ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಇಬ್ಬರೂ ನಕ್ಕೆವು.

ಉತ್ತರ ಸಿಕ್ಕಿದ್ದು ಲೆಕ್ಕದಲ್ಲಿ. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಒಂದು ಕಾರ್ಖಾನೆಯಲ್ಲಿ ಒಂದಕ್ಕಿಂತ ಹೆಚ್ಚು ನೋಂದಾಯಿತ ಸಂಘ ಇದ್ದರೆ, ಮಸ್ಟರ್ ರೋಲ್‌ನಲ್ಲಿರುವ (ಹಾಜರಿ ಪಟ್ಟಿಯಲ್ಲಿರುವ) ಕಾರ್ಮಿಕರಲ್ಲಿ ಶೇ. 51ರ ಬೆಂಬಲ ಇರುವುದೇ ಮಾತುಕತೆಯ ಏಕೈಕ ಸಂಘ. ಯಾರಿಗೂ 51 ಸಿಗದಿದ್ದರೆ, ಶೇ. 20ಕ್ಕೆ ಕಡಿಮೆಯಿಲ್ಲದ ಬೆಂಬಲವಿರುವ ಸಂಘಗಳ ಪ್ರತಿನಿಧಿಗಳು ಸೇರಿ ಮಾತುಕತೆ ಮಂಡಳಿ. ಕಾಗದದ ಮೇಲೆ ಬರೆದೆವು. ಮಸ್ಟರ್ ರೋಲ್‌ನಲ್ಲಿ 620 ಜನ. ಶೇ. 51 ಅಂದರೆ 317. ಹಳಬರು 180, ಅಂದರೆ ಶೇ. 29. ಹೊಸಬರು 240, ಶೇ. 39ರ ಹತ್ತಿರ. ಜೊತೆಗಿದ್ದರೆ 420, ಶೇ. 68ರ ಹತ್ತಿರ. ಹೊಸಬರು ಮುನಿಸಿಕೊಂಡು ಬೇರೆ ಸಂಘ ಕಟ್ಟಿದರೂ ಇಬ್ಬರಿಗೂ 51 ಇಲ್ಲ. ಕೊನೆಗೆ ಅದೇ ಹೆಣ್ಣುಮಕ್ಕಳ ಪಕ್ಕ, ಅದೇ ಮೇಜಿನ ಮುಂದೆ ಕೂರಬೇಕು, ಈ ಸಲ ಅವರ ಸಂಖ್ಯೆಯೇ ಜಾಸ್ತಿ. ಕಾಗದವನ್ನು ಅವರು ಮಡಿಸಿ ಜೇಬಿಗಿಟ್ಟುಕೊಂಡರು.

ನಾನು ಕೊಟ್ಟ ಸಲಹೆ ಹೀಗಿತ್ತು. ಓಟನ್ನೂ ಕಸುಬನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಸದಸ್ಯತ್ವಕ್ಕೆ 1926ರ ಟ್ರೇಡ್ ಯೂನಿಯನ್ ಕಾಯಿದೆ ಕೇಳುತ್ತಿದ್ದದ್ದೂ ಇಷ್ಟೇ, ಆ ಉದ್ಯಮದಲ್ಲಿ ನಿಜವಾಗಿ ದುಡಿಯುತ್ತಿದ್ದಾರೆಯೇ ಅಂತ; ಎಷ್ಟು ವರ್ಷ ಫೈಲ್ ಉಜ್ಜಿದ್ದಾರೆ ಅಂತಲ್ಲ. ಸರ್ಟಿಫಿಕೇಟ್ ಷರತ್ತು ವಾಪಸು ತೆಗೆದುಕೊಳ್ಳಿ. ಬೇಕಿದ್ದರೆ ಆರು ತಿಂಗಳ ಚಂದಾ ಬಾಕಿ ಇರಬಾರದು ಎಂದು ಎಲ್ಲರಿಗೂ ಒಂದೇ ನಿಯಮ ಇಡಿ. ನಿಮ್ಮ ಮೂರು ವರ್ಷದ ಬೆಲೆಯನ್ನು ಕೇಳಬೇಕಾದ್ದು ಮ್ಯಾನೇಜ್‌ಮೆಂಟ್ ಹತ್ತಿರ. ಬೇಡಿಕೆ ಪಟ್ಟಿಯಲ್ಲಿ ಎರಡು ಸಾಲು ಹಾಕಿಸಿ: ಟ್ರೇಡ್ ಟೆಸ್ಟ್ (ಕಸುಬಿನ ಪರೀಕ್ಷೆ) ಪಾಸಾದವರಿಗೆ ಕೌಶಲ ಭತ್ಯೆ, ಇನ್ನೊಬ್ಬರಿಗೆ ಕಲಿಸಿ ಪಾಸು ಮಾಡಿಸಿದವರಿಗೆ ಕಲಿಸುವ ಭತ್ಯೆ. ಟೆಸ್ಟ್ ಲೈನಿನವರಿಗೂ ತೆರೆದಿರಲಿ. ಕಲಿಸಿದರೆ ಏನು ಉಳಿಯುತ್ತೆ ಎಂಬುದಕ್ಕೆ ಆಗ ಪೇಸ್ಲಿಪ್‌ನಲ್ಲೇ ಒಂದು ಸಾಲು ಇರುತ್ತದೆ.

ಸಂಬಳದ ಲೆಕ್ಕದಲ್ಲೇ ಈ ಸಂಘಗಳು ಹೆಚ್ಚಾಗಿ ಒಡೆಯುವುದು, ಅದನ್ನೂ ಕೂತು ಬಿಡಿಸಿದೆವು. ಸುಲಭಕ್ಕೆ ಹಳಬರ ಮೂಲವೇತನ 30,000, ಹೊಸಬರದು 15,000 ಅಂದುಕೊಳ್ಳಿ. ಶೇ. 10 ಏರಿಕೆ ಕೇಳಿದರೆ ಹಳಬರಿಗೆ 3,000, ಹೊಸಬರಿಗೆ 1,500. ಸದಸ್ಯರಾದ ಈ 420 ಜನಕ್ಕೆ ಕಂಪನಿಗೆ ತಿಂಗಳಿಗೆ 9 ಲಕ್ಷ ಖರ್ಚು. ಅದೇ 9 ಲಕ್ಷವನ್ನು ಎಲ್ಲರಿಗೂ ಸಮನಾಗಿ ಹಂಚಿದರೆ ತಲೆಗೆ 2,143ರ ಹತ್ತಿರ. ಹಳಬರು ಮೊದಲನೆಯದನ್ನು ಬಿಡುವುದಿಲ್ಲ, ಹೊಸಬರು ಎರಡನೆಯದನ್ನು ಬಿಡುವುದಿಲ್ಲ, ಮ್ಯಾನೇಜ್‌ಮೆಂಟ್ ಕಾಫಿ ಕುಡಿಯುತ್ತಾ ಕಾಯುತ್ತದೆ. ಎಲ್ಲರಿಗೂ 1,800, ಅದರ ಮೇಲೆ ಕೌಶಲ ಭತ್ಯೆ 800 ಎಂದು ಕೇಳಿದರೂ ಮೊತ್ತ ಅಷ್ಟೇ: 420 ಜನಕ್ಕೆ 7,56,000, ಹಳಬರ 180 ಜನಕ್ಕೆ 1,44,000. ಮುಂದೆ ಹೊಸಬರೂ ಟೆಸ್ಟ್ ಪಾಸಾದಂತೆ ಖರ್ಚು ಏರುತ್ತದೆ, ಮ್ಯಾನೇಜ್‌ಮೆಂಟ್ ಮೊದಲು ತಕರಾರು ತೆಗೆಯುವುದು ಅಲ್ಲೇ. ಅದಕ್ಕೆ ಸಿದ್ಧರಾಗಿ ಹೋಗಬೇಕು.

ಸಣ್ಣ ಪುಟ್ಟದ್ದೂ ಹೇಳಿದೆ. ಸಭೆಯಲ್ಲಿ ‘ನಿನ್ನೆ ಮೊನ್ನೆ ಬಂದೋರು’ ಎಂಬ ಮಾತು ಬಾಯಿಂದ ಬರಕೂಡದು. ಸಂಜೆ ಆರಕ್ಕೆ ಸಭೆ ಇಡುವುದನ್ನು ನಿಲ್ಲಿಸಿ. ಕಂಪನಿ ಬಸ್ಸು ಹಿಡಿಯಬೇಕಾದ ಹೆಣ್ಣುಮಕ್ಕಳು ಆ ಹೊತ್ತಿಗೆ ಇರುವುದೇ ಇಲ್ಲ, ಆಮೇಲೆ ‘ಸಭೆಗೇ ಬರಲ್ಲ’ ಅಂತ ಅವರ ಮೇಲೇ ದೂರು. ಪಾಳಿ ಬದಲಾಗುವ ಹೊತ್ತಿಗೆ ಅರ್ಧ ಗಂಟೆ ಸಾಕು.

ಇದು ಆಪ್ತಸಲಹೆಯೇ, ಯೂನಿಯನ್ ಲೀಡರಿಕೆಯೇ ಎಂದು ಜೊತೆ ಕೆಲಸ ಮಾಡುವವರು ಕೇಳಿದ್ದಾರೆ. ಅವರ ಬಾಲ್ಯ, ಮೇಸ್ತ್ರಿಯ ಬಗೆಗಿನ ಭಯ, ವಯಸ್ಸಾಗುತ್ತಿರುವ ಅಳುಕು ಇವನ್ನೆಲ್ಲ ಬಿಡಿಸಬೇಕಿತ್ತು ಎಂಬ ಆಕ್ಷೇಪವಿದೆ. ಇರಬಹುದು. ಆದರೆ ಮನುಷ್ಯನ ನೋವಿಗೆ ಹೊರಗೆ ಸರಿಯಾದ ಕಾರಣವಿದ್ದಾಗ ಒಳಗೇ ಅಗೆಯುತ್ತ ಕೂರುವುದು ನನಗೆ ಅಪ್ರಾಮಾಣಿಕ ಅನಿಸುತ್ತದೆ. ‘ಅಹಂ ಬಿಡಿ, ಅಡ್ಜಸ್ಟ್ ಮಾಡ್ಕೊಳ್ಳಿ’ ಅನ್ನಲು ಮೈಸೂರಿನಲ್ಲಿ ಜನಕ್ಕೆ ಬರವಿಲ್ಲ, ಅದಕ್ಕೆ ಅವರು ಮಂಡ್ಯ ಕಡೆಯಿಂದ ಬಸ್ಸು ಹತ್ತಿ ಬರಬೇಕಿರಲಿಲ್ಲ.

ಹೊಸ ಸದಸ್ಯರು ಬಂದಾಗ ಅವರಿಗೂ ಮುಲಾಜಿಲ್ಲದೆ ಹೇಳುತ್ತೇನೆ. ಟೂಲ್ ರೂಮಿನವರನ್ನು ‘ಮ್ಯಾನೇಜ್‌ಮೆಂಟ್ ಚೇಲಾಗಳು’ ಅಂತ ಗ್ರೂಪಿನಲ್ಲಿ ಬರೆಯಬೇಡಿ. ಪಾರ್ಟನ್ನು ಹಿಡಿದು ಕೂರಿಸುವ ಫಿಕ್ಸ್‌ಚರ್ 0.2 ಎಂಎಂ ಸರಿದರೆ ನಿಮ್ಮ ಲೈನಿನ ರಿಜೆಕ್ಷನ್ ಎಷ್ಟು ಏರುತ್ತದೆ, ಅದನ್ನು ಸರಿಮಾಡುವವರು ಯಾರು ಅಂತ ಒಮ್ಮೆ ಬರೆದಿಟ್ಟುಕೊಳ್ಳಿ. ಹಾಗೆಯೇ ನಿಮ್ಮ ಕೆಲಸದ ಕಸುಬನ್ನೂ ಬರೆದಿಡಿ. ನಲವತ್ತು ಸೆಕೆಂಡಿಗೊಂದು ಪೀಸ್ ಕೈದಾಟುವಾಗ ಸರಿ ಕೂರದ ಪಾರ್ಟನ್ನು ಬೆರಳಿನಲ್ಲೇ ಗುರುತಿಸುವುದು ಏಳು ದಿನದ ಟ್ರೈನಿಂಗಿನಲ್ಲಿ ಬಂದದ್ದಲ್ಲ. ಟ್ರೇಡ್ ಟೆಸ್ಟ್ ಮಾಡಿದರೆ ಅದಕ್ಕೂ ಅಂಕ ಇರಬೇಕು ಅಂತ ಕೇಳಿ.

ಫಿಟ್ಟರಣ್ಣ ನನ್ನ ಮಾತನ್ನೆಲ್ಲ ಕೇಳಲಿಲ್ಲ. ಷರತ್ತನ್ನು ವಾಪಸು ಪಡೆಯಲಿಲ್ಲ. ಮಹಾಸಭೆಯ ದಿನ ರಜೆ ಹಾಕಿ ಊರಿಗೆ ಹೋದರು, ಮಂಡಿಸುವವರಿಲ್ಲದೆ ಅದು ಬಿದ್ದುಹೋಯಿತು. ಡ್ರಿಲ್ ಬಿಟ್ ಮಾತ್ರ ತೋರಿಸಿಕೊಟ್ಟರಂತೆ. ಆ ಹುಡುಗಿ ಸಾಣೆ ಹಿಡಿದ ಮೊದಲ ಬಿಟ್ಟಿನಲ್ಲಿ ಒಂದು ಲಿಪ್ ಉದ್ದ, ಒಂದು ಗಿಡ್ಡ. ಗೇಜ್ ಹಿಡಿದು ತೋರಿಸಿ ಬೈದದ್ದನ್ನು ಬಹಳ ಖುಷಿಯಿಂದ ಹೇಳಿದರು.

ಕಡೆಯ ಸಲ ಫೋನ್ ಮಾಡಿದಾಗ ನಿದ್ದೆ ಆರು ಗಂಟೆ ಬರುತ್ತಿದೆ, ಬಿಪಿ ಮಾತ್ರೆ ನಡೆದಿದೆ ಅಂದರು. ಕಲಿಸುವ ಭತ್ಯೆ ಬೇಡಿಕೆ ಪಟ್ಟಿಯಲ್ಲಿ ಹನ್ನೊಂದನೆಯದಾಗಿ ಸೇರಿದೆ. ಎಷ್ಟು ಕೇಳಬೇಕು ಎಂಬುದಕ್ಕೆ ಈಗ ಹೊಸ ಜಗಳ: ಲೈನಿನವರು 500 ಸಾಕು ಅನ್ನುತ್ತಿದ್ದಾರೆ, ಇವರು 1,200ಕ್ಕೆ ಒಂದು ರೂಪಾಯಿ ಕಮ್ಮಿ ಇಲ್ಲ ಅನ್ನುತ್ತಿದ್ದಾರೆ.