ನಂಬಿಕೆ ಇದ್ದರೂ ಭಯ ಯಾಕೆ?

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಸುಮಾರು 27 ವರ್ಷದ ಯುವತಿಯೊಬ್ಬರು ನನ್ನ ಹತ್ತಿರ ಸಲಹೆಗೆ ಬಂದಿದ್ದರು. ಹುಟ್ಟಿ ಬೆಳೆದದ್ದು ಕ್ರೈಸ್ತ ಮನೆಯಲ್ಲೇ. ಈಚೆಗೆ ಬೇರೊಂದು ಸಭೆಗೆ ಹೋಗತೊಡಗಿದ್ದರು. ಅಲ್ಲಿ ಪದೇ ಪದೇ ಕೇಳಿದ ಮಾತು: "ನಮ್ಮದು ಧರ್ಮ ಅಲ್ಲ, ದೇವರ ಜೊತೆಗಿನ ಸಂಬಂಧ. ನಿಯಮಗಳ ಕಾಲ ಮುಗೀತು." ಅಪ್ಪ ಇದಕ್ಕೆ ತದ್ವಿರುದ್ಧ: "ದೀಕ್ಷಾಸ್ನಾನ, ಪ್ರಭುಭೋಜನ, ಉಪವಾಸ ಎಲ್ಲ ಇದೆ. ಧರ್ಮ ಅಲ್ಲದೆ ಮತ್ತೇನು?"

ಆದರೆ ಅವರನ್ನು ಕಾಡುತ್ತಿದ್ದದ್ದು ಈ ವಾದ ಅಲ್ಲ. ಬ್ಯಾಗಿನಿಂದ ಪುಟ್ಟ ನೋಟ್‌ಬುಕ್ ತೆಗೆದು ಕೊಟ್ಟರು. ದಿನಕ್ಕೊಂದು ಸಾಲು. ಪ್ರಾರ್ಥನೆ, ವಾಕ್ಯ ಓದಿದ್ದು, ಕೆಟ್ಟ ಯೋಚನೆ ಬಂದದ್ದು. ಸರಿ ಇದ್ದರೆ ನೀಲಿ ಗುರುತು, ತಪ್ಪಿದ್ದರೆ ಕೆಂಪು. ಕೆಲವು ಕಡೆ ಕೆಂಪು ಗೆರೆ ಹಾಳೆ ಹರಿಯುವಷ್ಟು ಒತ್ತಿ ಬಿದ್ದಿತ್ತು.

"ಮನಸ್ಸು ಬೇರೆ ಕಡೆ ಹೋದರೆ ಪ್ರಾರ್ಥನೆ ಮತ್ತೆ ಮೊದಲಿಂದ ಶುರು ಮಾಡ್ತೀನಿ ಮೇಡಂ. ನಿಯಮ ಇಲ್ಲ ಅಂತ ನಂಬಿದವಳಿಗೆ ಇಷ್ಟು ಭಯ ಯಾಕೆ?"

ಕ್ರೈಸ್ತ ನಂಬಿಕೆ ಧರ್ಮ ಹೌದೋ ಅಲ್ವೋ ಅನ್ನುವುದನ್ನು ಬೇಗ ಮುಗಿಸಿದೆವು. ಹಬ್ಬ, ಸಂಸ್ಕಾರ, ಸಭೆ, ಕ್ರಿ.ಶ. 325ರಲ್ಲಿ ಬಿಷಪ್‌ಗಳು ಸೇರಿದ ನೈಸಿಯಾ ಸಮ್ಮೇಳನದಲ್ಲಿ ಬರೆದಿಟ್ಟ ವಿಶ್ವಾಸ ಪ್ರಮಾಣ ಎಲ್ಲ ಇರುವಾಗ, ನೋಡುವವರಿಗೆ ಅದು ಧರ್ಮವೇ. "ಧರ್ಮ ಅಲ್ಲ" ಅನ್ನುವವರು ಹೇಳಹೊರಟದ್ದು ಬೇರೆ: ದೇವರ ಪ್ರೀತಿಯನ್ನು ದುಡಿದು ಗಳಿಸಲು ಆಗುವುದಿಲ್ಲ. ಅಪ್ಪನೂ ಇದನ್ನು ಒಪ್ಪುತ್ತಾರಂತೆ. ಹಾಗಿದ್ದರೆ ಸುಮ್ನೆ ಜಗಳ ಯಾಕೆ ಅಂದೆ.

ನಿಯಮದ ವಿಷಯಕ್ಕೆ ಜಾಸ್ತಿ ಹೊತ್ತು ಕೂತೆವು. ಬೈಬಲಿನ ಹತ್ತು ಆಜ್ಞೆಗಳಿಗಿಂತ ಮುಂಚಿನ ಸಾಲನ್ನು ಅವರಿಂದಲೇ ಓದಿಸಿದೆ. ಐಗುಪ್ತದ (ಈಜಿಪ್ಟಿನ) ಗುಲಾಮಗಿರಿಯಿಂದ ಬಿಡಿಸಿದವನು ನಾನು ಅಂತ ದೇವರು ಮೊದಲು ಹೇಳುತ್ತಾನೆ. ಆಜ್ಞೆ ಬರುವುದು ಆಮೇಲೆ. ಯೇಸುವಿನ ಸಂದೇಶ ಸಾರಿದ ಪೌಲ, ಗಲಾತ್ಯದ ಕ್ರೈಸ್ತರಿಗೆ ಬರೆದ ಪತ್ರದಲ್ಲಿ ರೇಗಿದ್ದು ಈ ಕ್ರಮ ತಲೆಕೆಳಗಾದಾಗ. ಯೆಹೂದ್ಯರ ನಿಯಮದಂತೆ ಸುನ್ನತಿ ಮಾಡಿಸಿಕೊಳ್ಳಲೇಬೇಕು ಅಂತ ಕೆಲವರು ಅವರ ತಲೆ ಕೆಡಿಸಿದ್ದರು. ಪ್ರೀತಿಯ ಮೂಲಕ ಕೆಲಸ ಮಾಡುವ ನಂಬಿಕೆಯೇ ಮುಖ್ಯ ಅಂತ ಪೌಲ ಅದೇ ಪತ್ರದಲ್ಲಿ ಬರೆದ. ಬೈಬಲಿನ ಇನ್ನೊಂದು ಪತ್ರದಲ್ಲಿ ಕ್ರಿಯೆ ಇಲ್ಲದ ನಂಬಿಕೆ ಸತ್ತದ್ದು ಅಂದ ಯಾಕೋಬನೂ ಮಾತಾಡಿದ್ದು ಹಸಿದವರನ್ನು ಬರೀ ಬಾಯಿಮಾತಿನಲ್ಲಿ ಸಾಗಹಾಕುವವರ ಬಗ್ಗೆ. ನೋಟ್‌ಬುಕ್ಕಿನಲ್ಲಿ ಇನ್ನೊಬ್ಬರಿಗಾಗಿ ಮಾಡಿದ್ದಕ್ಕೆ ಜಾಗವೇ ಇರಲಿಲ್ಲ. ಅದನ್ನು ಅವರೇ ಗಮನಿಸಿದರು.

16ನೇ ಶತಮಾನದ ಜರ್ಮನ್ ಧರ್ಮಸುಧಾರಕ ಲೂಥರನ ವಿಷಯವನ್ನೂ ಹೇಳಿದೆ. ಮಠದಲ್ಲಿದ್ದಾಗ ಅವನೂ ಗಂಟೆಗಟ್ಟಲೆ ಪಾಪನಿವೇದನೆ (ಪಾದ್ರಿಯ ಮುಂದೆ ತಪ್ಪೊಪ್ಪಿಕೊಳ್ಳುವುದು) ಮಾಡುತ್ತಿದ್ದ, ಆದರೂ ನೆಮ್ಮದಿ ಇರಲಿಲ್ಲ.

ನನ್ನ ಸಲಹೆ ಇಷ್ಟು. ಲೆಕ್ಕ ಬರೆಯುವುದನ್ನು ನಿಲ್ಲಿಸಿ. ಪ್ರಾರ್ಥನೆ ಒಂದೇ ಸಲ. ಮನಸ್ಸು ಅಲೆದರೂ ಮತ್ತೆ ಶುರು ಮಾಡಬೇಡಿ. ಮೊದಮೊದಲು ಭಯ ಏರುತ್ತೆ, ಹಾಗೇ ಬಿಟ್ಟರೆ ನಿಧಾನಕ್ಕೆ ಇಳಿಯುತ್ತೆ. ದೇವರು ಕ್ಷಮಿಸಿದ್ದಾನಾ ಅಂತ ಪಾಸ್ಟರನ್ನು ಮತ್ತೆ ಮತ್ತೆ ಕೇಳುವುದೂ ಬೇಡ. ಆ ಸಮಾಧಾನ ಸ್ವಲ್ಪ ಹೊತ್ತಷ್ಟೇ. ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಇದರಲ್ಲೇ ಕಳೆಯುತ್ತಿದ್ದರು. ಇದು ಗೀಳಿನ ಕಾಯಿಲೆ (ಒಸಿಡಿ: ಬೇಡದ ಯೋಚನೆ, ಅದಕ್ಕಾಗಿ ಮಾಡಿದ್ದನ್ನೇ ಮಾಡುವುದು) ಇರಬಹುದು ಅನ್ನಿಸಿ, ಮನೋವೈದ್ಯರಿಗೆ ಪತ್ರ ಬರೆದುಕೊಟ್ಟೆ. ಚಿಕಿತ್ಸೆ ತೊಗೊಂಡರೆ ನಂಬಿಕೆ ಕಡಿಮೆ ಇದೆ ಅಂತ ಅರ್ಥ ಅಲ್ಲ ಎಂದು ಬಿಡಿಸಿ ಹೇಳಿದೆ. ಮುಂದಿನ ಸಲ ಅಪ್ಪನನ್ನೂ ಕರೆದುಕೊಂಡು ಬರುತ್ತೇನೆ ಅಂದರು.