ಕಂಪ್ಯೂಟರ್ ಕೇಳಿ: 2 ಟಿಬಿಯ ಒಂದೋ, 1 ಟಿಬಿಯ ಎರಡೋ?

ಪ್ರಶ್ನೆ: ನಾನು ಯಕ್ಷಗಾನ ಆಟಗಳ ವಿಡಿಯೋ ಮಾಡುತ್ತೇನೆ. ದೀಪಾವಳಿ ಕಳೆದು ಮೇಳಗಳು ಹೊರಟರೆ ಮೇ ಕೊನೆಯ ಪತ್ತನಾಜೆವರೆಗೆ ಪುರುಸೊತ್ತಿಲ್ಲ. ಎಡಿಟಿಂಗಿಗೆ ಹೊಸ ಡೆಸ್ಕ್‌ಟಾಪ್ ಕಟ್ಟಿಸುತ್ತಿದ್ದೇನೆ. 2 ಟಿಬಿಯ ಒಂದು ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿನ ಬದಲು ಬರುವ, ಚಿಪ್‌ಗಳಲ್ಲಿ ಡೇಟಾ ಇಡುವ ಡ್ರೈವ್) ಹಾಕಿಸಲೇ, 1 ಟಿಬಿಯ ಎರಡು ಹಾಕಿಸಲೇ? ಎರಡಿದ್ದರೆ ಒಂದು ಕೈಕೊಟ್ಟರೂ ಇನ್ನೊಂದು ಉಳಿಯುತ್ತದೆ ಎನ್ನುತ್ತಾರೆ ಗೆಳೆಯರು.
— ಪೆರ್ಲದ ಓದುಗರು

ಉತ್ತರ: 2 ಟಿಬಿಯ ಒಂದೇ ಹಾಕಿಸಿ.

ಗೆಳೆಯರು ಹೇಳಿದ್ದು ಅರ್ಧ ಸರಿ. ಒಂದು ಹೋದರೆ ಇನ್ನೊಂದು ಉಳಿಯುತ್ತದೆ, ನಿಜ. ಆದರೆ ಹೋದದ್ದರಲ್ಲಿ ಏನಿತ್ತೋ ಅದು ಉಳಿಯುವುದಿಲ್ಲ ಅಲ್ವಾ? ಒಡ್ಡೋಲಗ ಒಂದು ಡ್ರೈವಿನಲ್ಲಿ, ಯುದ್ಧ ಇನ್ನೊಂದರಲ್ಲಿ ಇದ್ದರೆ ಅರ್ಧ ಪ್ರಸಂಗ ಇಟ್ಟುಕೊಂಡು ಏನು ಮಾಡುತ್ತೀರಿ? ಮೇಲಾಗಿ ಡ್ರೈವ್ ಎರಡಾದರೆ, ಯಾವುದಾದರೂ ಒಂದು ಕೆಡುವ ಸಾಧ್ಯತೆ ಜಾಸ್ತಿಯೇ. ಎರಡನ್ನೂ ಸೇರಿಸಿ ರೈಡ್ ಸೊನ್ನೆ (ಪ್ರತಿ ಫೈಲನ್ನೂ ತುಂಡು ಮಾಡಿ ಎರಡಕ್ಕೂ ಹಂಚಿ ಬರೆಯುವ ಕ್ರಮ) ಮಾಡಿಕೊಡುತ್ತೇನೆ, ವೇಗ ಬರುತ್ತದೆ ಎಂದು ಕಂಪ್ಯೂಟರ್ ಕಟ್ಟುವವರು ಹೇಳಬಹುದು. ಬೇಡವೇ ಬೇಡ. ಅದರಲ್ಲಿ ಒಂದು ಹೋದರೆ ಎರಡೂ ಹೋದ ಹಾಗೆ.

ಈಗ ಲೆಕ್ಕಕ್ಕೆ ಬರೋಣ. ಕ್ಯಾಮೆರಾ ಸೆಕೆಂಡಿಗೆ 28 ಮೆಗಾಬಿಟ್‌ನಲ್ಲಿ ಫುಲ್ ಎಚ್‌ಡಿ ರೆಕಾರ್ಡ್ ಮಾಡಿದರೆ ಗಂಟೆಗೆ ಸುಮಾರು 12.6 ಜಿಬಿ. ರಾತ್ರಿಯಿಡೀ 8 ಗಂಟೆಯ ಆಟಕ್ಕೆ 100 ಜಿಬಿ. ಅದೇ 100 ಮೆಗಾಬಿಟ್‌ನ 4ಕೆ ಆದರೆ ಒಂದೇ ರಾತ್ರಿಗೆ 360 ಜಿಬಿ. ಕಾಲಮಿತಿ ಆಟವಾದರೆ ಸ್ವಲ್ಪ ಕಡಿಮೆ. ಹೇಗೂ 1 ಟಿಬಿಯ ಎರಡು ಡ್ರೈವ್ ಇಟ್ಟುಕೊಂಡರೆ ಇದರಲ್ಲಿ 70 ಜಿಬಿ, ಅದರಲ್ಲಿ 60 ಜಿಬಿ ಎಂದು ಜಾಗ ಹುಡುಕುವುದೇ ಒಂದು ಕೆಲಸ. ಒಂದೇ ದೊಡ್ಡದಾದರೆ ಆ ರಗಳೆ ಇಲ್ಲ.

ವೇಗದ ವಿಷಯವೂ ಉಂಟು. ಎಸ್‌ಎಸ್‌ಡಿ ಒಳಗೆ ಹಲವು ಮೆಮೊರಿ ಚಿಪ್‌ಗಳು ಒಟ್ಟಿಗೆ ಬರೆಯುತ್ತವೆ. ಅಡಿಕೆ ಸುಲಿಯಲು ನಾಲ್ಕು ಜನ ಕೂತರೆ ಒಂದು ಲೆಕ್ಕ, ಎಂಟು ಜನ ಕೂತರೆ ಇನ್ನೊಂದು. ಅದಕ್ಕೇ ಒಂದೇ ಮಾಡೆಲ್‌ನಲ್ಲಿ 250 ಜಿಬಿಯದ್ದು 1 ಟಿಬಿಯದ್ದಕ್ಕಿಂತ ಬರೆಯುವುದರಲ್ಲಿ ನಿಧಾನ ಇರುವುದುಂಟು. 1 ಟಿಬಿ ದಾಟಿದ ಮೇಲೆ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ. ನೀವು ಗಮನಿಸಬೇಕಾದ್ದು ಟಿಎಲ್‌ಸಿಯೋ ಕ್ಯೂಎಲ್‌ಸಿಯೋ ಎಂಬುದನ್ನು. ಚಿಪ್‌ನ ಒಂದೊಂದು ಕೋಶದಲ್ಲಿ ಟಿಎಲ್‌ಸಿ ಮೂರು ಬಿಟ್ ಇಡುತ್ತದೆ, ಕ್ಯೂಎಲ್‌ಸಿ ನಾಲ್ಕು. ಅಗ್ಗದ ಕ್ಯೂಎಲ್‌ಸಿ ಡ್ರೈವಿಗೆ 100 ಜಿಬಿಯ ಫೈಲ್ ಹಾಕಿ ನೋಡಿ. ಮೊದಲು ಹಾರುತ್ತದೆ, ಕ್ಯಾಶ್ (ಬೇಗ ಬರೆದುಕೊಳ್ಳುವ ತಾತ್ಕಾಲಿಕ ಜಾಗ) ತುಂಬಿದ ಕೂಡಲೇ ಕುಂಟುತ್ತದೆ, ಕೆಲವು ಹಾರ್ಡ್ ಡಿಸ್ಕಿಗಿಂತಲೂ ನಿಧಾನವಾಗುತ್ತವೆ. ನಿಮ್ಮ ಕೆಲಸಕ್ಕೆ ಟಿಎಲ್‌ಸಿಯೇ ಸರಿ. ಪೂರ್ತಿ ತುಂಬಿಸಬೇಡಿ, ಹತ್ತರಲ್ಲಿ ಒಂದು ಪಾಲಾದರೂ ಖಾಲಿ ಇರಲಿ.

ಬೇಗ ಸವೆದುಹೋಗುತ್ತದೆ ಎಂಬ ಹೆದರಿಕೆ ಬಿಡಿ. ಸ್ಯಾಮ್‌ಸಂಗ್ 870 ಇವೋದ 1 ಟಿಬಿಗೆ ಕಂಪನಿ ಹೇಳಿರುವ ಬರೆಯುವ ಮಿತಿ (ಅಳಿಸಿ ಅಳಿಸಿ ಒಟ್ಟು ಎಷ್ಟು ಬರೆಯಬಹುದು ಎಂಬುದು) 600 ಟಿಬಿ, 2 ಟಿಬಿಗೆ 1200. ವರ್ಷಕ್ಕೆ 100 ಜಿಬಿಯ 60 ಆಟ, ಎಡಿಟಿಂಗ್ ಸೇರಿ ಮೂರು ಪಟ್ಟು ಎಂದರೂ 18 ಟಿಬಿ. ಮಕ್ಕಳ ಕಾಲಕ್ಕೂ ಆದೀತು.

ಇನ್ನೊಂದು ಮಾತು. ಹಲವು ಮದರ್‌ಬೋರ್ಡುಗಳಲ್ಲಿ ಎಂ.2 ಸ್ಲಾಟ್ (ಪಟ್ಟಿಯಂಥ ಎಸ್‌ಎಸ್‌ಡಿಯನ್ನು ನೇರ ಸಿಕ್ಕಿಸುವ ಜಾಗ) ಎರಡೇ ಇರುತ್ತವೆ. ಈಗಲೇ ಎರಡನ್ನೂ ತುಂಬಿದರೆ ನಾಳೆ ಒಂದನ್ನು ಕಿತ್ತು ಇನ್ನೊಂದು ಹಾಕಬೇಕು. ಕೆಲವು ಬೋರ್ಡುಗಳಲ್ಲಿ ಎರಡನೇ ಸ್ಲಾಟಿಗೆ ಹಾಕಿದರೆ ಒಂದೆರಡು ಸಾಟಾ ಪೋರ್ಟ್ (ಹಾರ್ಡ್ ಡಿಸ್ಕಿನ ವಯರ್ ಸಿಕ್ಕಿಸುವ ಜಾಗ) ಬಂದ್ ಆಗುತ್ತವೆ, ಬೋರ್ಡಿನ ಜೊತೆ ಬರುವ ಪುಸ್ತಕ ನೋಡಿಕೊಳ್ಳಿ.

ಇಷ್ಟೆಲ್ಲ ಹೇಳಿದೆ, ಆದರೆ ನನಗೆ ಮುಖ್ಯ ಅನಿಸುವುದು ಬೇರೆ. ನೀರ್ಚಾಲಿನ ನಮ್ಮ ಮನೆಯಲ್ಲಿ ಒಂದು ಅಕ್ಟೋಬರ್ ಸಂಜೆ ಗುಡುಗು ಮಳೆಗೆ ಕರೆಂಟು ಮೂರು ಸಲ ಹೋಗಿ ಬಂತು. ಮರುದಿನ ಕಂಪ್ಯೂಟರ್ ಹಾಕಿದರೆ, ವಿಂಡೋಸ್‌ಗೂ ಮೊದಲು ಏಳುವ ಬಯೋಸ್‌ನ ಪಟ್ಟಿಯಲ್ಲೇ ನನ್ನ 240 ಜಿಬಿ ಎಸ್‌ಎಸ್‌ಡಿಯ ಹೆಸರಿಲ್ಲ! ಹಾರ್ಡ್ ಡಿಸ್ಕ್ ಸಾಯುವ ಮೊದಲು ಹೆಚ್ಚಾಗಿ ಕಟಕಟ ಅನ್ನುತ್ತದೆ. ಇದು ಮಾತಿಲ್ಲದೆ ಹೋಯಿತು. ಡೇಟಾ ತೆಗೆದುಕೊಡುವವರ ಹತ್ತಿರ ಒಯ್ದೆ. ನೋಡಿ, ತಲೆ ಆಡಿಸಿ, ವಾಪಸು ಕೊಟ್ಟರು. ಅದರೊಳಗೆ ಅಜ್ಜನ ತಾಳಮದ್ದಳೆ ಕ್ಯಾಸೆಟ್‌ಗಳಿಂದ ಇಳಿಸಿದ 11 ಗಂಟೆ ಇತ್ತು. ಕ್ಯಾಸೆಟ್‌ಗಳಿಗೆ ಅಷ್ಟರಲ್ಲಿ ಬೂಸ್ಟು ಹಿಡಿದಿತ್ತು. ಉಳಿದದ್ದು ಒಂದೇ, ಕರ್ಣಪರ್ವ. ಮುಳ್ಳೇರಿಯದ ಭಾವ ಪೆನ್‌ಡ್ರೈವಿನಲ್ಲಿ ಕೇಳಿ ಪಡೆದಿದ್ದ.

ಹಾಗಾಗಿ ಎಸ್‌ಎಸ್‌ಡಿಯ ಜೊತೆಗೆ ಹೊರಗಿನ ಹಾರ್ಡ್ ಡಿಸ್ಕನ್ನೂ ತಗೊಳ್ಳಿ. ಮುಗಿದ ಆಟಗಳನ್ನು ಅದಕ್ಕೆ ಹಾಕಿ. ಆಗುವುದಾದರೆ ಎರಡು ತಗೊಂಡು ಒಂದನ್ನು ನೆಂಟರ ಮನೆಯಲ್ಲಿಡಿ. ಕೆಲಸ ಆದಮೇಲೆ ವಯರ್ ಕಿತ್ತು, ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಇಡಿ. ಆಟಿ ತಿಂಗಳ ಮಳೆಯ ತಂಡಿಗೆ ಕ್ಯಾಮೆರಾ ಲೆನ್ಸಿಗೆ ಏನಾಗುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಕಪಾಟಿನಲ್ಲಿಡಲು ಎಸ್‌ಎಸ್‌ಡಿ ಬೇಡ. ಬರೆಯುವ ಮಿತಿ ಮುಗಿದ ಎಸ್‌ಎಸ್‌ಡಿ ಕರೆಂಟಿಲ್ಲದೆ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ 1 ವರ್ಷ ಡೇಟಾ ಉಳಿಸಿಕೊಂಡರೆ ಸಾಕು ಎನ್ನುವುದೇ ಅದರ ಮಾನದಂಡ. ನಮ್ಮ ಏಪ್ರಿಲ್ ಅದಕ್ಕಿಂತ ಬಿಸಿ. ಕರೆಂಟು ಹೋದರೂ ಕಂಪ್ಯೂಟರನ್ನು ಸ್ವಲ್ಪ ಹೊತ್ತು ನಡೆಸುವ ಒಂದು ಯುಪಿಎಸ್ ಕೂಡ ಇರಲಿ.

ಪ್ರಶ್ನೆ: ಶಾಲೆಯ ಕೆಲಸಕ್ಕೆ ಹಳೆಯ ಲ್ಯಾಪ್‌ಟಾಪ್ ಉಂಟು, ತುಂಬ ನಿಧಾನ. ಎಸ್‌ಎಸ್‌ಡಿ ಹಾಕಿ, ಹಳೆಯ ಹಾರ್ಡ್ ಡಿಸ್ಕನ್ನೂ ಉಳಿಸಿಕೊಳ್ಳಬಹುದೇ?
— ಶಿಕ್ಷಕಿ, ಮಂಜೇಶ್ವರ

ಉತ್ತರ: ಎಂ.2 ಸ್ಲಾಟ್ ಇದ್ದರೆ ಆಗುತ್ತದೆ. ಇಲ್ಲದಿದ್ದರೆ ಹಾರ್ಡ್ ಡಿಸ್ಕ್ ತೆಗೆದು ಆ ಜಾಗಕ್ಕೆ 500 ಜಿಬಿಯ ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ಹಾಕಿಸಿ. ಹಳೆಯದನ್ನು ಯುಎಸ್‌ಬಿ ಕೇಸಿಗೆ ಹಾಕಿದರೆ ಬ್ಯಾಕಪ್ಪಿಗೆ ಆಯಿತು. 128 ಜಿಬಿಯದ್ದು ಅಗ್ಗ ಎಂದು ತರಬೇಡಿ, ವಿಂಡೋಸ್, ಅದರ ಅಪ್‌ಡೇಟ್, ನಿಮ್ಮ ಫೈಲ್ ಎಲ್ಲ ಸೇರಿ ಬೇಗ ತುಂಬುತ್ತದೆ.

ಪ್ರಶ್ನೆ: 1 ಟಿಬಿ ಎಂದು ಕೊಂಡದ್ದು 931 ಜಿಬಿ ತೋರಿಸುತ್ತಿದೆ. ಮೋಸ ಹೋದೆನೇ?
— ಅಡಿಕೆ ವ್ಯಾಪಾರಿ, ಬದಿಯಡ್ಕ

ಉತ್ತರ: ಇಲ್ಲ. ಕಂಪನಿ 1000ದ ಲೆಕ್ಕದಲ್ಲಿ ಅಳೆಯುತ್ತದೆ, ವಿಂಡೋಸ್ 1024ರ ಲೆಕ್ಕದಲ್ಲಿ. ಊರೂರಿಗೆ ಸೇರು ಬೇರೆ ಇದ್ದ ಹಾಗೆ, ಅಕ್ಕಿ ಅಷ್ಟೇ. ಸುಮ್ನೆ ಅಂಗಡಿಯವರ ಹತ್ತಿರ ಜಗಳ ಬೇಡ. ಎರಡು ಸಾವಿರ ರೂಪಾಯಿಗೆ 16 ಟಿಬಿಯ ಎಸ್‌ಎಸ್‌ಡಿ ಎಂದು ಯಾರಾದರೂ ಕೊಟ್ಟರೆ ಮಾತ್ರ ಜಗಳ ಮಾಡಿ.